ಜಿಪ್ಸಿಗೆ ಕಡಿಮೆ ಖರ್ಚಿನ ಬೀಡ್‌ಲಾಕ್ ರಿಮ್: ಕೊಡಗಿನ ಮಳೆಗಾಲದಲ್ಲಿ ಬಳಸಿದ ಮೇಲೆ

ಇದು ವಿದೇಶದಿಂದ ತರಿಸಿದ ದುಬಾರಿ ಚಕ್ರದ ವಿಮರ್ಶೆಯಲ್ಲ. ಮಾರುತಿ ಜಿಪ್ಸಿಯ ಹಳೆಯ 15 ಇಂಚಿನ ಕಬ್ಬಿಣದ ರಿಮ್‌ಗಳಿಗೆ ಉಂಗುರ ಬೆಸೆದು, ಕುಶಾಲನಗರದ ಲೇತ್ ವರ್ಕ್‌ಶಾಪ್ ಒಂದರಲ್ಲಿ ಮಾಡಿಸಿಕೊಂಡ ಬೀಡ್‌ಲಾಕ್ (ಟೈರಿನ ಅಂಚನ್ನು ರಿಮ್‌ಗೆ ಬೋಲ್ಟಿನಿಂದ ಬಿಗಿದಿಡುವ ಏರ್ಪಾಡು) ಬಗ್ಗೆ ಬರೆಯುತ್ತಿದ್ದೇನೆ. ತೋಟದ ಕೆಲಸಕ್ಕೂ ಮಳೆಗಾಲದ ಆಫ್‌ರೋಡ್ ಕೂಟಗಳಿಗೂ ಒಂದೇ ಜೀಪನ್ನು ಬಳಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಕೈಗೆ ಎಟಕುವ ಬೀಡ್‌ಲಾಕ್ ಸದ್ಯಕ್ಕೆ ಇದೊಂದೇ ಎಂಬುದು ನನ್ನ ಅಭಿಪ್ರಾಯ.

ಟೈರಿನ ಒಳಅಂಚಿನಲ್ಲಿ ಉಕ್ಕಿನ ತಂತಿಯನ್ನು ಅಡಗಿಸಿಕೊಂಡಿರುವ ದಪ್ಪ ಭಾಗವೇ ಬೀಡ್. ಸಾಮಾನ್ಯ ರಿಮ್‌ನಲ್ಲಿ ಅದನ್ನು ಹಿಡಿದಿಡುವುದು ಮುಖ್ಯವಾಗಿ ಒಳಗಿನ ಗಾಳಿಯ ಒತ್ತಡ. ರಸ್ತೆಯ ಮೇಲೆ 26 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲಿ ಓಡುವ ಟೈರನ್ನು ಕಾಡಿನ ದಾರಿಯಲ್ಲಿ 15ಕ್ಕೆ ಇಳಿಸಿದರೂ ಹೆಚ್ಚಿನ ಅಪಾಯವಿಲ್ಲ; ಇನ್ನೂ ಕೆಳಗಿಳಿಸಿದರೆ, ತಿರುವಿನಲ್ಲಿ ಅಥವಾ ಓರೆ ಇಳಿಜಾರಿನಲ್ಲಿ ಅಡ್ಡಬಲ ಬಿದ್ದೊಡನೆ ಟೈರು ರಿಮ್‌ನಿಂದ ಕಳಚಿಕೊಳ್ಳಬಹುದು. ಬೀಡ್‌ಲಾಕ್‌ನಲ್ಲಿ ಹೊರಬದಿಯ ಬೀಡನ್ನು ಎರಡು ಉಂಗುರಗಳ ನಡುವೆ ಇಟ್ಟು ಸುತ್ತಲೂ ಬೋಲ್ಟ್ ಬಿಗಿಯುವುದರಿಂದ 8 ಪಿಎಸ್‌ಐನಲ್ಲೂ ಅದು ಜಾಗ ಬಿಟ್ಟು ಕದಲುವುದಿಲ್ಲ. ಒಳಬದಿಯ ಬೀಡ್ ಮಾತ್ರ ಎಂದಿನಂತೆ ಗಾಳಿಯ ಆಸರೆಯಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು.

ಇದು ಎಲ್ಲರಿಗೂ ಬೇಕೇ ಎಂದು ಕೇಳಿದರೆ ಬೇಡ ಎಂದೇ ಹೇಳುತ್ತೇನೆ. ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳು ಸಾಮಾನ್ಯ ರಿಮ್‌ನಲ್ಲೇ ದಿನವೂ ಹತ್ತಿಳಿಯುತ್ತವೆ; ಕಾಫಿ ತೋಟದ ದಾರಿಗೆ ಒಳ್ಳೆಯ ಮಡ್ ಟೈರು ಮತ್ತು ಗಾಳಿ ಇಳಿಸಿ ತುಂಬುವ ಸಣ್ಣ ಕಂಪ್ರೆಸರ್ ಧಾರಾಳವಾಗಿ ಸಾಕು. ಬೀಡ್‌ಲಾಕ್‌ನ ಪ್ರಯೋಜನ ಕಾಣುವುದು ಮರದ ಬೇರು, ಪಾಚಿ ಹಿಡಿದ ಬಂಡೆ, ತರಗೆಲೆ ಕೊಳೆತು ಜಾರುವ ಬಾಣೆಯ (ಗದ್ದೆಗೆ ಹೊಂದಿದ ಗುಡ್ಡದ ಜಾಗ) ಏರು ಇಂಥಲ್ಲಿ, ಏಕೆಂದರೆ ಗಾಳಿ ಕಡಿಮೆಯಾದಾಗ ಟೈರು ನೆಲವನ್ನು ಉದ್ದಕ್ಕೆ ಅಪ್ಪಿಕೊಳ್ಳುತ್ತದೆ. ಆಳವಾದ ಗದ್ದೆಯ ಕೆಸರಿನಲ್ಲಿ ಕಡಿಮೆ ಗಾಳಿಯಿಂದ ಅಷ್ಟು ಲಾಭವಿಲ್ಲ. ಅಲ್ಲಿ ಟೈರಿನ ಹಲ್ಲುಗಳು ಅಂಟುಮಣ್ಣನ್ನು ಕೊಡವಿಕೊಳ್ಳುವಷ್ಟು ವೇಗ ಬೇಕು. ಆದರೂ ಗದ್ದೆಯಲ್ಲಿ ನನಗೆ ಇನ್ನೊಂದು ಬಗೆಯ ಉಪಯೋಗ ಕಂಡಿತು. ಸಾಮಾನ್ಯ ರಿಮ್‌ನಲ್ಲಿ ಕೆಸರೂ ಸಣ್ಣ ಕಲ್ಲುಗಳೂ ಬೀಡಿನ ಸಂದಿಗೆ ನುಗ್ಗಿ ಗಾಳಿ ನಿಧಾನವಾಗಿ ಸೋರುತ್ತದೆ. ಹೊರಬದಿಯಲ್ಲಿ ಆ ತೊಂದರೆ ಈಗ ಪೂರ್ತಿಯಾಗಿ ನಿಂತಿದೆ.

ಆಯ್ಕೆಗೆ ಬಂದರೆ, ಮೊದಲು ದೂರ ಇಡಬೇಕಾದದ್ದು ತೋರಿಕೆಯ ಬೀಡ್‌ಲಾಕ್. ಅಲಾಯ್ ರಿಮ್‌ನ ಅಂಚಿಗೆ ಅಲಂಕಾರದ ಬೋಲ್ಟುಗಳನ್ನು ಕೂರಿಸಿ ಮಾರುವ ಇವು ನೋಡಲು ಅಸಲಿಯಂತೆಯೇ ಇರುತ್ತವೆ. ಉಂಗುರ ಬಿಚ್ಚಿದರೂ ಟೈರಿನಲ್ಲಿ ಗಾಳಿ ನಿಲ್ಲುತ್ತದೆ ಎಂದು ಅಂಗಡಿಯವರೇ ಹೇಳಿದರೆ ಅದು ಬರೀ ಅಲಂಕಾರವೆಂದು ತಿಳಿಯಿರಿ. ರಿಮ್‌ನ ಒಳಗೆ ಗಾಳಿಚೀಲವಿಟ್ಟು ಎರಡೂ ಬೀಡುಗಳನ್ನು ಒತ್ತಿ ಹಿಡಿಯುವ ಇನ್ನೊಂದು ಬಗೆಯೂ ಇದೆ. ತಾಂತ್ರಿಕವಾಗಿ ಅದು ಹೆಚ್ಚು ಪರಿಪೂರ್ಣ, ಆದರೆ ರಿಮ್‌ಗೆ ಎರಡನೆಯ ವಾಲ್ವ್‌ಗಾಗಿ ರಂಧ್ರ ಕೊರೆಯಬೇಕು, ಆಮದಿನ ಖರ್ಚೂ ಬರುತ್ತದೆ.

ಬೆಸೆಯುವ ಬೀಡ್‌ಲಾಕ್‌ನಲ್ಲಿ ಹಣ ಹೋಗಬೇಕಾದದ್ದು ಬಣ್ಣಕ್ಕಲ್ಲ, ನೇರತನಕ್ಕೆ. ರಿಮ್‌ನ ಹೊರ ಅಂಚನ್ನು ಕತ್ತರಿಸುವುದೂ ಉಂಗುರ ಕೂರಿಸುವುದೂ ಲೇತ್ ಮೇಲೆಯೇ ಆಗಬೇಕು. ಗ್ರೈಂಡರ್‌ನಿಂದ ಕಣ್ಣಂದಾಜಿನಲ್ಲಿ ಕತ್ತರಿಸುವವರ ಬಳಿ ಕೊಡಲೇಬಾರದು. ವೆಲ್ಡಿಂಗ್ ಅನ್ನು ಒಂದೇ ಕಡೆಯಿಂದ ಸುತ್ತಿಕೊಂಡು ಬಂದರೆ ಬಿಸಿಗೆ ಉಂಗುರ ಸೊಟ್ಟಗಾಗುತ್ತದೆ. ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬೆಸೆದು, ತಣಿಯಲು ಬಿಟ್ಟು, ಕೊನೆಗೆ ಗಾಳಿ ಸೋರದಂತೆ ಪೂರ್ತಿ ಸುತ್ತು ಮುಗಿಸಬೇಕು. ನಮ್ಮ ಲೇತ್‌ನವರು ಮುಗಿದ ರಿಮ್ ಅನ್ನು ಸೊಟ್ಟು ಅಳೆಯುವ ಡಯಲ್ ಗೇಜ್‌ಗೆ ಒಡ್ಡಿ ತಿರುಗಿಸಿ ತೋರಿಸಿದರು. ಓಲಾಟ ಒಂದು ಮಿಲಿಮೀಟರ್‌ನ ಸುತ್ತಮುತ್ತಲೇ ಇತ್ತು. ಈ ಒಂದು ಪರೀಕ್ಷೆಯನ್ನು ನೀವು ನಿಂತು ನೋಡಿ ಮಾಡಿಸಲೇಬೇಕು, ಏಕೆಂದರೆ ಇಲ್ಲಿ ಉಳಿದ ಸೊಟ್ಟನ್ನು ಆಮೇಲೆ ಯಾವ ಬ್ಯಾಲೆನ್ಸಿಂಗೂ ಸರಿಪಡಿಸುವುದಿಲ್ಲ.

ಬೋಲ್ಟುಗಳು 10.9 ದರ್ಜೆಯವಾಗಿರಲಿ, ಆ ಸಂಖ್ಯೆ ಬೋಲ್ಟಿನ ತಲೆಯ ಮೇಲೆಯೇ ಅಚ್ಚಾಗಿರುತ್ತದೆ. ಉಂಗುರದಲ್ಲೇ ಮರೆ (ಬೋಲ್ಟ್ ತಿರುಗಿ ಕೂರುವ ಗೆರೆ, ಥ್ರೆಡ್) ಕೊರೆದು ಬೋಲ್ಟ್ ಹಾಕುವ ವಿನ್ಯಾಸಕ್ಕಿಂತ ಹಿಂದುಗಡೆ ನಟ್ ಇರುವ ವಿನ್ಯಾಸವೇ ನಮ್ಮ ಮಳೆಗೆ ಸೂಕ್ತವೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದು ತುಕ್ಕು ಹಿಡಿದು ಮರೆ ಹೋದರೆ, ಮೊದಲನೆಯದರಲ್ಲಿ ಉಂಗುರವೇ ಹಾಳಾಗುತ್ತದೆ, ಎರಡನೆಯದರಲ್ಲಿ ಒಂದು ನಟ್ ಬದಲಿಸಿದರೆ ಸಾಕು. ಬಿಗಿಯುವಾಗ, ಎಷ್ಟು ಬಿಗಿಯಾಗಿದೆ (ಟಾರ್ಕ್) ಎಂದು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಕಡ್ಡಾಯ. ಎದುರುಬದುರಾಗಿ, ಹಲವು ಸುತ್ತುಗಳಲ್ಲಿ, ಸಾಮಾನ್ಯವಾಗಿ 20ರಿಂದ 27 ನ್ಯೂಟನ್ ಮೀಟರ್‌ವರೆಗೆ ಒಯ್ಯುತ್ತಾರೆ. ಆದರೆ ಉಂಗುರ ಮಾಡಿದವರು ಹೇಳಿದ ಅಂಕಿಯೇ ಅಂತಿಮ. ತುಕ್ಕಿಗೆ ಹೆದರಿ ಬೋಲ್ಟಿಗೆ ಗ್ರೀಸ್ ಹಚ್ಚುವವರು ಒಂದು ವಿಷಯ ಗಮನಿಸಬೇಕು: ಜಿಡ್ಡಿರುವ ಮರೆಯಲ್ಲಿ ಅದೇ ಟಾರ್ಕ್‌ಗೆ ಎಳೆತ ಹೆಚ್ಚಾಗಿ ಬೋಲ್ಟ್ ತುಂಡಾಗಬಹುದು. ಮೊದಲ ಓಟದ ನಂತರ ರಬ್ಬರ್ ಅಮುಕಿಕೊಳ್ಳುವುದರಿಂದ ಮತ್ತೆ ಎಲ್ಲವನ್ನೂ ಪರೀಕ್ಷಿಸಬೇಕು.

ತೊಂದರೆಗಳೂ ಇವೆ. ಪ್ರತಿ ಚಕ್ರದ ತೂಕ ಕೆಲವು ಕಿಲೋ ಏರಿದೆ. ಉಂಗುರದಿಂದಾಗಿ ಟೈರು ಹೊರಕ್ಕೆ ಸರಿದು ಸ್ಟೀರಿಂಗ್ ಭಾರವಾಗಿದೆ, ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್‌ಗೆ ತಾಗದಂತೆ ಅಳತೆ ನೋಡಿಕೊಳ್ಳಬೇಕಾಯಿತು. ಪಂಕ್ಚರ್ ಅಂಗಡಿಯಲ್ಲಿ ಇದನ್ನು ಬಿಚ್ಚಲು ಒಪ್ಪುವವರು ಅಪರೂಪ. ಆದರೆ ಸ್ಪ್ಯಾನರ್ ಇದ್ದರೆ ಹೊರಬದಿಯನ್ನು ಟೈರ್ ಲಿವರ್ ಇಲ್ಲದೆ ನಾವೇ ಬಿಚ್ಚಬಹುದು, ಸಮಯ ಮಾತ್ರ ಹಿಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಬೆಸೆದ ರಿಮ್‌ನಲ್ಲಿ ಮಡಿಕೇರಿ–ಮೈಸೂರು ಹೆದ್ದಾರಿಗೆ ಇಳಿಯುವುದಾಗಲಿ ಸಂಪಾಜೆ ಘಾಟಿ ಇಳಿಯುವುದಾಗಲಿ ಕೂಡದು. ಅಪಘಾತವಾದರೆ ವಿಮೆಯ ಪ್ರಶ್ನೆ ಏಳುತ್ತದೆ, ಅದಕ್ಕೂ ಮೊದಲು ಎದುರು ಬರುವವರ ಜೀವದ ಪ್ರಶ್ನೆ ಇದೆ. ನಾನು ಕಂಪನಿಯ ರಿಮ್‌ಗಳನ್ನು ರಸ್ತೆಗೆಂದೇ ಇಟ್ಟುಕೊಂಡು, ಬೀಡ್‌ಲಾಕ್‌ಗಳನ್ನು ಪಿಕಪ್‌ನಲ್ಲಿ ಕೂಟದ ಜಾಗಕ್ಕೆ ಒಯ್ದು ಅಲ್ಲಿಯೇ ಬದಲಿಸುತ್ತೇನೆ.

ಮಾಡಿಸಲು ಹೊರಟವರು ಹಳೆಯ ರಿಮ್ ಕೊಳ್ಳುವಾಗ ಜಾಗ್ರತೆ ವಹಿಸಿ. ಜಿಪ್ಸಿ ಮತ್ತು ಜಿಮ್ನಿ ಎರಡರಲ್ಲೂ ಐದು ನಟ್‌ಗಳ ವೃತ್ತದ ವ್ಯಾಸ 139.7 ಮಿಲಿಮೀಟರ್ ಇರುವುದರಿಂದ ರಿಮ್ ಸಿಗುವುದು ಕಷ್ಟವಲ್ಲ, ಆದರೂ ಬಣ್ಣ ಕೆರೆದು ನಟ್‌ನ ರಂಧ್ರಗಳ ಸುತ್ತ ಬಿರುಕಿದೆಯೇ, ಬೀಡ್ ಕೂರುವ ಜಾಗದಲ್ಲಿ ತುಕ್ಕು ಗುಳಿ ಬಿದ್ದಿದೆಯೇ ಎಂದು ನೋಡಿದ ಮೇಲೆಯೇ ಲೇತ್‌ಗೆ ಕೊಡಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಮುಂದಿನ ಎರಡು ಚಕ್ರಗಳಿಗೆ ಮಾಡಿಸಬಹುದು. ಕೊರಕಲಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಅಡ್ಡಬಲ ಹೆಚ್ಚಾಗಿ ಬೀಳುವುದು ಅವುಗಳ ಮೇಲೆಯೇ. ಹಿಂದಿನ ಸಾಮಾನ್ಯ ರಿಮ್‌ಗಳಲ್ಲಿ ಮಾತ್ರ 15 ಪಿಎಸ್‌ಐಗಿಂತ ಕೆಳಗೆ ಇಳಿಸಬೇಡಿ.