ಕೆಂಪು ಕಲೆಗೆ ಸಾಫ್ಟ್‌ನರ್ ಕೂಡಿಸಬೇಡಿ, ಬ್ಲೀಚಿಂಗ್ ಹಚ್ಚಬೇಡಿ

ಬಳ್ಳಾರಿ ಜಿಲ್ಲೆಯಲ್ಲಿ ಬೋರಿನ ನೀರಿಗೆ ಕಬ್ಬಿಣದಂಶ ಇರುವ ಮನೆಯವರು ದುಡ್ಡು ಕಳೆದುಕೊಳ್ಳುವುದು ಹೀಗೆ. ಮೋಟಾರು ಹಾಕಿದಾಗ ನೀರು ತಿಳಿಯಾಗಿಯೇ ಬರುತ್ತದೆ. ಕೆಲವು ವಾರಕ್ಕೆ ಕಮೋಡಿನಲ್ಲಿ ಕೆಂಪು ಗೆರೆ, ಬಿಳಿ ಬಟ್ಟೆಗೆ ಕಂದು ಮಚ್ಚೆ. "ಸವಳು ನೀರು" ಅಂತ ಯಾರೋ ಹೇಳಿದ್ದಕ್ಕೆ ನೇರ ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಯಂತ್ರ) ಕೂಡಿಸುತ್ತಾರೆ. ಮೊದಮೊದಲು ಕಲೆ ನಿಂತಂತೆ ಕಾಣುತ್ತದೆ. ಆಮೇಲೆ ಕಲೆಯೂ ವಾಪಸ್, ಗಡಸುತನವೂ ವಾಪಸ್. ಒಳಗೆ ಗಡಸುತನ ಹೀರುವ ರೆಸಿನ್ ಕಾಳುಗಳ ಮೇಲೆ ಕಬ್ಬಿಣ ತುಕ್ಕಾಗಿ ಕೂತುಬಿಟ್ಟಿರುತ್ತದೆ, ತೊಳೆಯಲು ಮೂಟೆ ಉಪ್ಪು ಸುರಿದರೂ ಬಿಡುವುದಿಲ್ಲ. ಸಾಫ್ಟ್‌ನರ್ ಬೇಕೆಂದರೆ ಅದು ಕಬ್ಬಿಣದಂಶ ತೆಗೆಯುವ ಫಿಲ್ಟರಿನ ನಂತರ ಬರಬೇಕು. ಆರ್‌ಒ ಕೂಡ ಹಾಗೆಯೇ.

ಸಂಡೂರು ಕಡೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ: ಇದೆಲ್ಲ ಮೈನ್ಸ್ ಧೂಳು, ಟ್ಯಾಂಕಿಗೆ ಮುಚ್ಚಳ ಹಾಕಿದರೆ ಸಾಕು ಅನ್ನುವುದು. ಅದಿರಿನ ಧೂಳು ನೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಇಳಿಯುತ್ತದೆ. ಕಲೆ ಮಾಡುವುದು ಗಾಳಿ ಸೋಕದ ಆಳದ ನೀರಿನಲ್ಲಿ ಕರಗಿರುವ ಕಬ್ಬಿಣ. ಗಾಳಿ ತಗುಲಿದ ಮೇಲೆ ಅದು ಕೆಂಪಗಾಗುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಕಲೆ ಶುರು. ಬೋರಿನ ಬಾಯಿಂದಲೇ ಗಾಜಿನ ಲೋಟಕ್ಕೆ ನೀರು ಹಿಡಿದಿಡಿ. ತಿಳಿಯಾಗಿದ್ದದ್ದು ಕೆಲವು ಗಂಟೆಯಲ್ಲಿ ಕೆಂಪಾದರೆ ಕರಗಿದ ಕಬ್ಬಿಣ. ಬೆಳಿಗ್ಗೆ ನಲ್ಲಿ ಬಿಟ್ಟಾಗ ಮಾತ್ರ ಕೆಂಪು ಬಂದು ಆಮೇಲೆ ತಿಳಿಯಾದರೆ ನಿಮ್ಮ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನದೇ ತುಕ್ಕು. ಅದಕ್ಕೆ ಫಿಲ್ಟರ್ ಅಲ್ಲ, ಪೈಪು ಬದಲಿಸಬೇಕು.

ಲ್ಯಾಬಿಗೆ ಕೊಡುವಾಗಲೂ ಎಡವುತ್ತಾರೆ. ಖಾಲಿ ನೀರಿನ ಬಾಟಲಿಯಲ್ಲಿ ತುಂಬಿ ಎರಡು ದಿನ ಇಟ್ಟರೆ ಕಬ್ಬಿಣ ಬಾಟಲಿಯ ಗೋಡೆಗೆ ಅಂಟುತ್ತದೆ, ರಿಪೋರ್ಟಿನಲ್ಲಿ ಕಡಿಮೆ ಬರುತ್ತದೆ. ಕಬ್ಬಿಣದ ಪರೀಕ್ಷೆಗೆ ನೈಟ್ರಿಕ್ ಆ್ಯಸಿಡ್ ಹಾಕಿದ ಬಾಟಲಿಯನ್ನು ಲ್ಯಾಬಿನಿಂದಲೇ ಕೇಳಿ ತನ್ನಿ. ಪಿಎಚ್‌ಗೆ (ನೀರಿನ ಹುಳಿ-ಕ್ಷಾರದ ಅಳತೆ) ಬೇರೆ ಬಾಟಲಿ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಫ್ಲೋರೈಡ್ ಕೂಡ ತಪ್ಪದೆ ನೋಡಿಸಿ. ಕಬ್ಬಿಣದ ಫಿಲ್ಟರ್ ಫ್ಲೋರೈಡನ್ನು ತೆಗೆಯುವುದಿಲ್ಲ, ಆ ನೀರು ತಿಳಿಯಾಗಿ ಕಂಡರೂ ಕುಡಿಯಲು ಬಾರದೇ ಇರಬಹುದು.

ಕ್ರಮ ಸರಳ: ಮೊದಲು ಗಾಳಿ, ಆಮೇಲೆ ಸಮಯ, ಕೊನೆಗೆ ಸೋಸುವುದು. ಬೋರಿನ ನೀರು ತೂತು ಕೊರೆದ ಪೈಪಿನಿಂದ ಮಳೆಯಂತೆ ಎರಡು ಮೂರು ಅಡಿ ಕೆಳಗಿನ ಟ್ಯಾಂಕಿಗೆ ಬೀಳಲಿ. ಹೊರಹೋಗುವ ಪೈಪು ತಳದಿಂದ ಅರ್ಧ ಅಡಿ ಮೇಲಿರಲಿ, ತಳದಲ್ಲಿ ಕೆಸರು ಬಿಡಲು ವಾಲ್ವ್ ಇರಲಿ. ಪಿಎಚ್ 7ಕ್ಕಿಂತ ಕೆಳಗಿದ್ದರೆ ಬರೀ ಗಾಳಿಯಿಂದ ಕೆಲಸ ತೀರಾ ನಿಧಾನ. ಆಗ ಕ್ಲೋರಿನ್ ಬೇಕು: ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣವಿರುವ 1000 ಲೀಟರ್ ನೀರಿಗೆ ಶೇ. 25 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ ಸುಮಾರು 7 ಗ್ರಾಂ. ಅದನ್ನು ಫಿಲ್ಟರಿನ ಮುಂಚಿನ ಟ್ಯಾಂಕಿಗೆ ಹಾಕಬೇಕು. ಮಾಳಿಗೆ ಮೇಲಿನ ಟ್ಯಾಂಕಿಗೆ ಹಾಕಿದರೆ ಮನೆಯ ನಲ್ಲಿಗಳಲ್ಲೆಲ್ಲ ಕೆಂಪು ನೀರು ಬರುತ್ತದೆ. ನಮ್ಮ ಬಿಸಿಲಿಗೆ ಬಾಯಿ ತೆರೆದಿಟ್ಟ ಪುಡಿಯ ಶಕ್ತಿ ಬೇಗ ಇಳಿಯುತ್ತದೆ ಅನ್ನುವುದೂ ಗಮನದಲ್ಲಿರಲಿ. ಫಿಲ್ಟರಿನಲ್ಲಿ ಬರ್ಮ್ ಎಂಬ ಕಪ್ಪು ಮೀಡಿಯಾ (ಸೋಸುವ ಕಾಳು) ಇದ್ದರೆ ಮಾತ್ರ ಕ್ಲೋರಿನ್ ಸೋಕಿಸಬೇಡಿ, ಅದು ಕೆಡುತ್ತದೆ.

ಒಳ್ಳೆಯ ಫಿಲ್ಟರೂ ಸಾಯುವುದು ಬ್ಯಾಕ್‌ವಾಶ್ (ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ತೊಳೆಯುವುದು) ಇಲ್ಲದೆ. 13 ಇಂಚು ಅಗಲದ ಬರ್ಮ್ ಫಿಲ್ಟರಿಗೆ ತಿರುಗಿಸಿ ತೊಳೆಯಲು ನಿಮಿಷಕ್ಕೆ 35ರಿಂದ 40 ಲೀಟರ್ ರಭಸ ಬೇಕು, ಇಲ್ಲವಾದರೆ ಒಳಗಿನ ಮೀಡಿಯಾ ಮೇಲೇಳುವುದೇ ಇಲ್ಲ. ಮಾಳಿಗೆ ಟ್ಯಾಂಕಿನ ಇಳಿನೀರಿಗೆ ಸಾಮಾನ್ಯವಾಗಿ ಆ ಕಸುವು ಇರುವುದಿಲ್ಲ. ಆದರೂ ಹೆಚ್ಚಿನ ಪ್ಲಂಬರುಗಳು ಅದಕ್ಕೇ ಜೋಡಿಸಿ ಹೋಗುತ್ತಾರೆ, ಮೀಡಿಯಾ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಕೂಡಿಸುವ ಮುಂಚೆ ಆ ಲೈನಿಗೆ 20 ಲೀಟರಿನ ಬಕೆಟ್ ಹಿಡಿದು ನೋಡಿ. ಅರ್ಧ ನಿಮಿಷದಲ್ಲಿ ತುಂಬದಿದ್ದರೆ ಪಂಪಿನಿಂದ ಬೇರೆ ಲೈನು ಎಳೆಸಿ.

ಇನ್ನು ಹಳೆಯ ಕಲೆ. ಬ್ಲೀಚಿಂಗ್ ಹಾಕಿದರೆ ತುಕ್ಕು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರುತ್ತದೆ. ಬಟ್ಟೆಗೂ ಇದೇ ಮಾತು. ಕಮೋಡು, ಸೆರಾಮಿಕ್ ಟೈಲ್ಸಿಗೆ ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ, ಅರಿವೆ ಅದ್ದಿ ಅರ್ಧ ಗಂಟೆ ಹೊದಿಸಿ, ಉಜ್ಜಿ ತೊಳೆಯಿರಿ. ಬ್ಲೀಚಿಂಗ್ ಹಾಕಿದ ಜಾಗಕ್ಕೆ ಯಾವ ಆ್ಯಸಿಡ್ಡನ್ನೂ ಸುರಿಯಬೇಡಿ, ವಿಷದ ಗಾಳಿ ಏಳುತ್ತದೆ. ಶಹಾಬಾದಿ ಪರಸಿ, ಕಡಪಾ, ಮಾರ್ಬಲ್ ಹಾಸಿದ ಬಚ್ಚಲಿಗೆ ನಿಂಬೆಉಪ್ಪೂ ಬೇಡ. ಅವು ಸುಣ್ಣದ ಜಾತಿಯ ಕಲ್ಲು, ಹುಳಿ ಬಿದ್ದಲ್ಲಿ ನೊರೆಯೆದ್ದು ತರಿತರಿಯಾಗುತ್ತವೆ. ಹೋದ ನುಣುಪು ಪಾಲಿಶ್ ಮಷಿನ್ ತರಿಸುವ ತನಕ ಮರಳುವುದಿಲ್ಲ.