ಕೂಸಿಗೆ ಟಾನಿಕ್ ಕೊಳ್ಳುವ ಮುನ್ನ ಬಾಟಲಿಯ ಬೆನ್ನು ಓದಿ

ನಮ್ಮ ಮಗಳಿಗೆ ಇಪ್ಪತ್ತು ತಿಂಗಳಾದಾಗ ಓಣಿಯವರೆಲ್ಲ ಕೂಸಿಗೆ ಬಣ್ಣ ಬಂದಿದೆ ಎಂದು ಹೊಗಳುತ್ತಿದ್ದರು. ನಾವೂ ಹಿಗ್ಗಿದ್ದೆವು. ಅವಳು ಪಡಸಾಲೆಯ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು ತಿನ್ನತೊಡಗಿದಾಗ ಮಾತ್ರ ಏನೋ ಸರಿಯಿಲ್ಲ ಎನ್ನಿಸಿತು. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಮಕ್ಕಳ ವೈದ್ಯರು ಕೆಳರೆಪ್ಪೆಯನ್ನು ಎಳೆದು ನೋಡಿ ರಕ್ತ ಪರೀಕ್ಷೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 8.9 ಬಂತು, ಫೆರಿಟಿನ್ 6. ಈ ವಯಸ್ಸಿಗೆ ಹಿಮೋಗ್ಲೋಬಿನ್ 11ರ ಆಸುಪಾಸಿನಲ್ಲಾದರೂ ಇರಬೇಕು, ಮತ್ತು ಫೆರಿಟಿನ್ 12ಕ್ಕಿಂತ ಕೆಳಗಿದ್ದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಬಹುತೇಕ ಮುಗಿದಿದೆ ಎಂದೇ ತಿಳಿಯಬೇಕು. ಬಣ್ಣವೆಂದು ನಾವು ಹಿಗ್ಗಿದ್ದು ರಕ್ತಹೀನತೆಯಿಂದ ಬಿಳಿಚಿಕೊಂಡದ್ದಕ್ಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಆದ್ದರಿಂದ ಔಷಧ ಅಂಗಡಿಯ ಮುಂದೆ ನಮ್ಮಂತೆಯೇ ಗೊಂದಲದಲ್ಲಿ ನಿಲ್ಲುವವರು ಬಹಳ ಮಂದಿ ಇರಬೇಕು ಎಂದುಕೊಂಡು ನಮ್ಮ ಮನೆಗೆ ಬಂದ ಬಾಟಲಿಗಳ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಬೇಕಾಗಿಲ್ಲ. ಒಂದೇ ಹೆಸರಿನ ಮುಂದೆ ಒಂದೆರಡು ಅಕ್ಷರ ಬದಲಾದರೆ ಒಳಗಿನ ಔಷಧವೇ ಬೇರೆಯಾಗಿರುವುದುಂಟು.

ಮೊದಲ ಬಾಟಲಿ ಪರೀಕ್ಷೆಗೂ ಮುಂಚೆ ಬಂದದ್ದು. ಕೂಸು ಊಟ ಮಾಡುವುದಿಲ್ಲ, ಶಕ್ತಿಗೆ ಏನಾದರೂ ಕೊಡಿ ಎಂದು ಮನೆಯ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಅಂಗಡಿಯವರು, "ಇದನ್ನ ಒಯ್ರಿ ಅಕ್ಕಾರ, ಇದರಾಗ ಎಲ್ಲಾ ಐತ್ರಿ" ಎಂದು ಕಿತ್ತಳೆ ಬಣ್ಣದ ಮಲ್ಟಿವಿಟಮಿನ್ ಸಿರಪ್ ಕೊಟ್ಟರು. ರುಚಿ ಸೊಗಸಾಗಿತ್ತು, ಕೂಸು ಚಮಚವನ್ನೂ ಬಿಡದೆ ನೆಕ್ಕುತ್ತಿತ್ತು. ಒಂದು ತಿಂಗಳು ತಪ್ಪದೆ ಹಾಕಿದೆ. ಪರೀಕ್ಷೆಯ ವರದಿ ಬಂದ ರಾತ್ರಿ ಲೇಬಲ್ಲನ್ನು ದೀಪದ ಕೆಳಗೆ ಹಿಡಿದು ಓದಿದರೆ ಎ ಇತ್ತು, ಡಿ3 ಇತ್ತು, ಬಿ ಗುಂಪಿನ ನಾಲ್ಕೈದು ಇದ್ದವು, ಲೈಸಿನ್ ಇತ್ತು, ಸತುವೂ ಇತ್ತು. ಕಬ್ಬಿಣ ಮಾತ್ರ ಒಂದು ಮಿಲಿಗ್ರಾಂ ಸಹ ಇರಲಿಲ್ಲ. ಇಂಥ ಸಿರಪ್ಪುಗಳಲ್ಲಿ ಹೆಚ್ಚಿನವು ಹೀಗೆಯೇ ಇರುತ್ತವೆ, ಕೆಲವದರಲ್ಲಿ ಕಬ್ಬಿಣ ಇದ್ದರೂ ಅದು ದಿನದ ಸಾಮಾನ್ಯ ಅಗತ್ಯದ ಒಂದು ಪಾಲು ಮಾತ್ರ. ಅದರಲ್ಲಿದ್ದ ವಿಟಮಿನ್ ಎ ಕೂಡ ನಮಗೆ ಅಷ್ಟು ತುರ್ತಿನದಾಗಿರಲಿಲ್ಲ, ಏಕೆಂದರೆ ಒಂಬತ್ತನೆಯ ತಿಂಗಳಿನಿಂದ ಆರು ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದಲ್ಲಿ ಅದನ್ನು ಹಾಕಿಸುತ್ತಲೇ ಬಂದಿದ್ದೆವು.

ಎರಡನೆಯದು ನನ್ನ ಯಜಮಾನರು ಆನ್‌ಲೈನಿನಲ್ಲಿ ತರಿಸಿದ ಗಮ್ಮಿ ಡಬ್ಬಿ. ಕರಡಿಯ ಆಕಾರ, ಹಣ್ಣಿನ ವಾಸನೆ, ಮತ್ತು ಮೂರು ಬಾಟಲಿ ಸಿರಪ್ ಬರುವಷ್ಟು ಬೆಲೆ. ಡಬ್ಬಿಯ ಹಿಂದೆ ಆಹಾರ ಇಲಾಖೆಯ ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆಯೂ, ಔಷಧವಾಗಿ ಬಳಸಲು ಅಲ್ಲ ಎಂಬ ಇಂಗ್ಲಿಷ್ ಸಾಲೂ ಇದ್ದವು. ಈ ಎರಡು ಕಂಡರೆ ಅದು ಆಹಾರ ಪದಾರ್ಥ, ಕೊರತೆಯನ್ನು ಗುಣಪಡಿಸಲು ತಯಾರಾದದ್ದಲ್ಲ. ಕಬ್ಬಿಣ ಇದರಲ್ಲೂ ಇರಲಿಲ್ಲ, ಅದು ಒಳ್ಳೆಯದೇ ಆಯಿತು. ಪೆಪ್ಪರಮೆಂಟಿನಂತೆ ಕಾಣುವ ವಸ್ತುವಿನಲ್ಲಿ ಕಬ್ಬಿಣ ಹಾಕಿದರೆ ಮಕ್ಕಳು ಡಬ್ಬಿಯನ್ನೇ ಖಾಲಿ ಮಾಡಿ ಪ್ರಾಣಕ್ಕೆ ಕುತ್ತು ತಂದುಕೊಂಡಾರು. ಅಲ್ಲದೆ ಎರಡು ವರ್ಷವೂ ತುಂಬದ ಕೂಸಿನ ಗಂಟಲಲ್ಲಿ ಆ ಅಂಟು ಗಮ್ಮಿ ಸಿಕ್ಕಿಕೊಳ್ಳುವ ಭಯವೂ ಇದೆ.

ವೈದ್ಯರು ಬರೆದುಕೊಟ್ಟದ್ದು ಫೆರಸ್ ಆಸ್ಕಾರ್ಬೇಟ್ ಎಂಬ ಕಬ್ಬಿಣದ ಲವಣದ ಡ್ರಾಪ್ಸ್. ಚಿಕಿತ್ಸೆಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 3 ಮಿಲಿಗ್ರಾಂ ಎಲಿಮೆಂಟಲ್ ಐರನ್ ಬೇಕು ಎಂದು ಅವರು ಚೀಟಿಯ ಅಂಚಿನಲ್ಲಿ ಲೆಕ್ಕ ಮಾಡಿ ತೋರಿಸಿದರು. ನಮ್ಮ ಮಗಳ ತೂಕ 10 ಕಿಲೋ, ಅಂದರೆ ದಿನಕ್ಕೆ 30 ಮಿಲಿಗ್ರಾಂ. ಎಲಿಮೆಂಟಲ್ ಎಂಬ ಈ ಶಬ್ದವನ್ನು ಮಾತ್ರ ಮರೆಯಬಾರದು. ಫೆರಸ್ ಫ್ಯೂಮರೇಟ್ 100 ಮಿಲಿಗ್ರಾಂ ಎಂದು ಬರೆದಿದ್ದರೆ ಅದರಲ್ಲಿ ನಿಜವಾದ ಕಬ್ಬಿಣ ಸುಮಾರು 33 ಮಿಲಿಗ್ರಾಂ, ಫೆರಸ್ ಗ್ಲೂಕೋನೇಟ್ ಆದರೆ 12 ಮಿಲಿಗ್ರಾಂ ಅಷ್ಟೇ. ದೊಡ್ಡ ಅಂಕಿಯನ್ನು ನೋಡಿ ಕೊಂಡರೆ ಮೋಸ ಹೋಗುತ್ತೇವೆ.

ಡ್ರಾಪ್ಸ್ ಬಾಟಲಿಯ ಮೇಲೆ ನನಗಿರುವ ತಕರಾರು ಒಳಗಿನ ಔಷಧದ್ದಲ್ಲ, ಅಳತೆಯದು. ಒಂದು ಮಿಲಿಗೆ 10 ಮಿಲಿಗ್ರಾಂ ಇದ್ದುದರಿಂದ ದಿನಕ್ಕೆ 3 ಮಿಲಿ ಕೊಡಬೇಕು, 15 ಮಿಲಿಯ ಬಾಟಲಿ ಐದೇ ದಿನಕ್ಕೆ ಮುಗಿಯುತ್ತದೆ. ರಬ್ಬರ್ ತುದಿಯ ಡ್ರಾಪರಿನಲ್ಲಿ ಒಂದು ಮಿಲಿಗಿಂತ ಹೆಚ್ಚು ನಿಲ್ಲದ ಕಾರಣ ಮೂರು ಸಲ ತುಂಬಬೇಕಾಗಿತ್ತು. ಮೊದಲನೆಯದನ್ನು ಕೂಸು ಬೆರಗಿನಲ್ಲಿ ನುಂಗುತ್ತಿತ್ತು, ಎರಡನೆಯದನ್ನು ಅಳುತ್ತ ನುಂಗುತ್ತಿತ್ತು, ಮೂರನೆಯದನ್ನು ನೇರವಾಗಿ ಉಗುಳುತ್ತಿತ್ತು. ರುಚಿ ನೋಡೋಣವೆಂದು ನಾನೇ ನಾಲಿಗೆಗೆ ಒಂದು ಹನಿ ಹಾಕಿಕೊಂಡೆ: ಸಕ್ಕರೆ ಹಚ್ಚಿದ ಬಾವಿಯ ಗಡಗಡೆಯನ್ನು ನೆಕ್ಕಿದಂತಿತ್ತು. ಹಾಗೆ ಉಗುಳಿದ್ದರಲ್ಲಿ ಒಂದು ಪಾಲು ಅತ್ತೆಯವರ ಇಳಕಲ್ ಸೀರೆಯ ಸೆರಗಿಗೆ ಬಿದ್ದು ಮಾಡಿದ ಕಂದು ಕಲೆ ಇಂದಿಗೂ ಹೋಗಿಲ್ಲ. ವಾರದ ನಂತರ ಔಷಧವನ್ನು ಸೂಜಿಯಿಲ್ಲದ 5 ಮಿಲಿ ಸಿರಿಂಜಿಗೆ ತುಂಬಿ, ತುದಿಯನ್ನು ಹಲ್ಲಿನ ಹಿಂದೆ ಕೆನ್ನೆಯ ಒಳಗಡೆ ಇಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡುವುದನ್ನು ಕಲಿತೆವು. ಮುಂದಿನ ಹಲ್ಲುಗಳ ಮೇಲೆ ಆಗಲೇ ಮೂಡಿದ್ದ ಕಪ್ಪು ಗೆರೆಯೂ ದಿನಾ ಹಲ್ಲುಜ್ಜಿದ ಮೇಲೆ ಕ್ರಮೇಣ ಹೋಯಿತು. ಮಲ ಕಪ್ಪಾದಾಗ ಅತ್ತೆಯವರು ಗಾಬರಿಯಾಗಿ, "ಕೂಸಿಗೆ ಏನ್ ಹಾಕಾಕತ್ತೀವಿ ನಾವು?" ಎಂದು ಕೇಳಿದ್ದುಂಟು. ಕಬ್ಬಿಣ ಕೊಟ್ಟಾಗ ಹಾಗಾಗುವುದು ಸಹಜ.

ಎರಡನೆಯ ತಿಂಗಳು ವೈದ್ಯರನ್ನು ಕೇಳಿ ಅದೇ ಔಷಧದ ಸಿರಪ್ಪಿಗೆ ಬದಲಾಯಿಸಿಕೊಂಡೆವು. 5 ಮಿಲಿಯಲ್ಲಿ 30 ಮಿಲಿಗ್ರಾಂ ಇರುವ ಆ ಬಾಟಲಿಯಿಂದ ದಿನಕ್ಕೆ ಒಂದೇ ಸಲ 5 ಮಿಲಿ ಎಳೆದರೆ ಸಾಕು, 150 ಮಿಲಿಯದು ಸರಿಯಾಗಿ ಮೂವತ್ತು ದಿನ ಬರುತ್ತದೆ. ನನ್ನ ಆಯ್ಕೆ ಇದೇ. ಆದರೆ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಒಮ್ಮೆ ಕೊಪ್ಪೀಕರ ರಸ್ತೆಯವರೆಗೂ ಹೋಗಬೇಕಾಯಿತು. ದಾರಿಯಲ್ಲಿ ಇನ್ನೊಂದು ಅಂಗಡಿಯವರು ಪಾಲಿಮಾಲ್ಟೋಸ್ ಎಂಬ ಬೇರೆ ರೂಪದ ಕಬ್ಬಿಣ ಇರುವ ಸಿರಪ್ಪನ್ನು ತೋರಿಸಿ ರುಚಿಯೂ ಚಲೋ, ಹಲ್ಲೂ ಕಪ್ಪಾಗುವುದಿಲ್ಲ ಎಂದು ಒತ್ತಾಯಿಸಿದರು. ಫೋನಿನಲ್ಲಿ ಕೇಳಿದಾಗ ವೈದ್ಯರು ಫೆರಸ್ ಲವಣವನ್ನೇ ಮುಂದುವರಿಸಲು ಹೇಳಿದರು. ಆಮೇಲೆ ಓದಿ ತಿಳಿದೆ: 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 9ರಿಂದ 48 ತಿಂಗಳ ಮಕ್ಕಳಿಗೆ ಹನ್ನೆರಡು ವಾರ ದಿನಕ್ಕೊಮ್ಮೆ ಕಬ್ಬಿಣ ಕೊಟ್ಟಾಗ, ಪಾಲಿಮಾಲ್ಟೋಸಿನ ಹತ್ತಿರದ ಸಂಬಂಧಿಯಾದ ಪಾಲಿಸ್ಯಾಕರೈಡ್ ಕಬ್ಬಿಣಕ್ಕಿಂತ ಅಗ್ಗದ ಫೆರಸ್ ಸಲ್ಫೇಟಿನಿಂದಲೇ ಹಿಮೋಗ್ಲೋಬಿನ್ ಹೆಚ್ಚು ಏರಿತ್ತು.

ಇನ್ನೊಂದು ಬಾಟಲಿ ನಮ್ಮ ಕಪಾಟಿನಲ್ಲಿ ಮೊದಲಿನಿಂದಲೂ ಇತ್ತು, ಅದನ್ನು ನಾವು ಒಡೆದೇ ಇರಲಿಲ್ಲ. ಆಶಾ ಕಾರ್ಯಕರ್ತೆ ತಂದುಕೊಟ್ಟಿದ್ದ, 2018ರಿಂದ ನಡೆಯುತ್ತಿರುವ ಅನೀಮಿಯಾ ಮುಕ್ತ ಭಾರತ ಯೋಜನೆಯ ಸಿರಪ್ ಅದು. ಒಂದು ಮಿಲಿಯಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ವಾರಕ್ಕೆ ಎರಡು ಸಲ ಒಂದೊಂದು ಮಿಲಿ. ಪುಕ್ಕಟೆ ಕೊಟ್ಟದ್ದರಲ್ಲಿ ಏನಿರುತ್ತದೆ ಎಂಬ ನಮ್ಮ ಉದಾಸೀನಕ್ಕೆ ಈಗ ನಾಚಿಕೆಯಾಗುತ್ತದೆ, ಹಣ ಕೊಟ್ಟು ತಂದ ಮೊದಲ ಎರಡಕ್ಕಿಂತ ಇದೇ ಮೇಲಾಗಿತ್ತು. ಆದರೆ ವಾರಕ್ಕೆ 40 ಮಿಲಿಗ್ರಾಂ ಎಂಬುದು ಕೊರತೆ ಬಾರದಂತೆ ತಡೆಯುವ ಪ್ರಮಾಣ. ಈಗಾಗಲೇ ರಕ್ತ ಕಡಿಮೆಯಾದ ನಮ್ಮ ಮಗಳಿಗೆ ವಾರಕ್ಕೆ 210 ಬೇಕಿತ್ತು. ಎರಡನ್ನೂ ಕೂಡಿಸಿ ಕೊಡಬಾರದು, ಚಿಕಿತ್ಸೆ ಮುಗಿದ ಮೇಲೆ ಇದನ್ನು ಶುರು ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಅಷ್ಟೇ ಅಲ್ಲ, 50 ಮಿಲಿಯ ಆ ಪುಟ್ಟ ಬಾಟಲಿಯಲ್ಲಿ ಒಟ್ಟು 1000 ಮಿಲಿಗ್ರಾಂ ಕಬ್ಬಿಣವಿದೆ. ಒಂದೇ ಸಲಕ್ಕೆ ತೂಕದ ಪ್ರತಿ ಕಿಲೋಗೆ 60 ಮಿಲಿಗ್ರಾಂ ದಾಟಿದರೆ ಜೀವಕ್ಕೇ ಅಪಾಯ, 10 ಕಿಲೋದ ಕೂಸಿಗೆ ಅದು 600. ಕಬ್ಬಿಣದ ಬಾಟಲಿಗಳೆಲ್ಲ ಈಗ ನಮ್ಮ ಮನೆಯಲ್ಲಿ ಅಟ್ಟದ ಮೇಲಿವೆ.

ಔಷಧದಷ್ಟೇ ಮುಖ್ಯವಾಗಿ ನಾವು ಬದಲಾಯಿಸಿದ್ದು ಹಾಲು ಮತ್ತು ಚಹಾ. ಕೂಸು ದಿನಕ್ಕೆ ಮುಕ್ಕಾಲು ಲೀಟರಿಗೂ ಹೆಚ್ಚು ಹಾಲು ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು, ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ ಅದರ ಕ್ಯಾಲ್ಸಿಯಂ ಔಷಧದ ಕಬ್ಬಿಣವನ್ನೂ ಹೀರಲು ಬಿಡುವುದಿಲ್ಲ. ಈಗ ದಿನಕ್ಕೆ 400 ಮಿಲಿ, ಅದೂ ಸಿರಪ್ ಹಾಕಿ ಎರಡು ತಾಸು ಕಳೆದ ಮೇಲೆ. ಚಹಾ ಕೂಡ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ, ಆದರೆ ಬೆಳಗ್ಗೆ ಸಂಜೆ ಅದರಲ್ಲಿ ಬಿಸ್ಕಿಟ್ ಅದ್ದಿ ತಿನ್ನಿಸುವ ಅಜ್ಜಿಯ ಅಕ್ಕರೆಯನ್ನು ನಿಲ್ಲಿಸುವುದು ಹೆಚ್ಚು ಕಷ್ಟವಾಯಿತು. ಸಿರಪ್ಪಿನ ಹಿಂದೆಯೇ, ಕಬ್ಬಿಣ ಹೀರಲು ನೆರವಾಗುವ ಲಿಂಬೆ ಶರಬತ್ತನ್ನು ಎರಡು ಚಮಚ ಕೊಡುವ ಕೆಲಸವನ್ನು ಅವರಿಗೇ ವಹಿಸಿದ ಮೇಲೆ ಮನೆಯಲ್ಲಿ ಶಾಂತಿ ನೆಲೆಸಿತು. ಸಜ್ಜೆ ರೊಟ್ಟಿಯ ಮೆತ್ತನೆ ಭಾಗಕ್ಕೆ ಗುರೆಳ್ಳು ಹಿಂಡಿ, ತುಪ್ಪ ಹಚ್ಚಿ ಕೊಟ್ಟರೆ ತಿನ್ನುತ್ತದೆ. ಮೊಟ್ಟೆಯನ್ನು ಇನ್ನೂ ಉಗುಳುತ್ತದೆ.

ಸುಣ್ಣ ಕೆರೆಯುವುದು ಎರಡನೆಯ ವಾರದಲ್ಲೇ ನಿಂತಿತ್ತು. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 10.2 ಆಯಿತು, ಅಷ್ಟು ದಿನದಲ್ಲಿ ಒಂದು ಗ್ರಾಂ ಏರಿದರೆ ಔಷಧ ಹತ್ತುತ್ತಿದೆ ಎಂದರ್ಥ, ಏರದಿದ್ದರೆ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಥಲಸೇಮಿಯಾದಂಥ ಬೇರೆ ಕಾರಣ ಹುಡುಕಬೇಕಾಗುತ್ತಿತ್ತು ಎಂದು ವೈದ್ಯರು ಹೇಳಿದರು. ಹನ್ನೆರಡನೆಯ ವಾರಕ್ಕೆ 11.4. ಅಂಕಿ ಸರಿಹೋಯಿತೆಂದು ಅಲ್ಲಿಗೇ ನಿಲ್ಲಿಸದೆ, ಕೂಡಿಟ್ಟ ಕಬ್ಬಿಣವೂ ತುಂಬಲೆಂದು ಇನ್ನೆರಡು ತಿಂಗಳು ಮುಂದುವರಿಸಿದ್ದೇವೆ. ಗಮ್ಮಿಯ ಡಬ್ಬಿಯನ್ನು ತರಿಸಿದ ಯಜಮಾನರೇ ಆಫೀಸಿಗೆ ಒಯ್ದು ತಿಂದು ಮುಗಿಸಿದರು.