ಚುಕ್ಕಿ ಚಿತ್ರಕ್ಕೆ ಯಾವ ಪೆನ್ನು? ಒಂದೇ ಅಡಿಕೆ ಹೋಳನ್ನು ಮೂರು ಸಲ ಬರೆದು ನೋಡಿದ ಮೇಲೆ

ಶಾಯಿ ತುಂಬಿಸಿ ಬಳಸುವ, ಲೋಹದ ಕೊಳವೆಯಂಥ ಮೂತಿಯುಳ್ಳ ಟೆಕ್ನಿಕಲ್ ಪೆನ್ನೇ ಚುಕ್ಕಿ ಚಿತ್ರಕ್ಕೆ ಸರಿ ಎಂದು ನಾನು ತೀರ್ಮಾನಿಸಿ ಎಂಟು ತಿಂಗಳಾಯಿತು. ಆದ್ದರಿಂದ ಈ ಹೋಲಿಕೆಯಲ್ಲಿ ನಿಷ್ಪಕ್ಷಪಾತವನ್ನು ಯಾರೂ ನಿರೀಕ್ಷಿಸಬಾರದು. ಆ ತೀರ್ಮಾನಕ್ಕೆ ಬರುವ ಮೊದಲು ಮೆತ್ತನೆಯ ಸಣ್ಣ ತುದಿಯ ಫೈನ್‌ಲೈನರ್ ಪೆನ್ನುಗಳ ಮೇಲೆ ಎಷ್ಟು ದುಡ್ಡು ಸುರಿದೆ ಎಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಇದೆಲ್ಲ ಶುರುವಾದದ್ದು ಮಗಳ ಪಿಯುಸಿ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದಿಂದ. ಅದರಲ್ಲಿ ಕಾಂಡದ ಅಡ್ಡಸೀಳಿಕೆಗೆ ಅವಳು ಇಟ್ಟಿದ್ದ ಚುಕ್ಕಿಗಳನ್ನು ನೋಡಿದಾಗ, ಬಿ.ಎಸ್ಸಿ.ಯಲ್ಲಿ ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರು ‘ಪೆನ್ಸಿಲ್ ಉಜ್ಜಿ ನೆರಳು ಕೊಡಬೇಡಿ, ಚುಕ್ಕಿ ಇಡಿ’ ಎಂದು ಮತ್ತೆ ಮತ್ತೆ ತಿದ್ದುತ್ತಿದ್ದದ್ದು ನೆನಪಾಯಿತು. ಆ ಕಟ್ಟಳೆಯ ಹಿಂದೆ ಮುದ್ರಣದ ಲೆಕ್ಕಾಚಾರವಿದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಅಚ್ಚಿನ ಶಾಯಿಗೆ ಬೂದುಬಣ್ಣ ತಿಳಿಯದು. ಕಪ್ಪಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಚುಕ್ಕಿಗಳನ್ನು ಒತ್ತಾಗಿಯೋ ವಿರಳವಾಗಿಯೋ ಇಟ್ಟರೆ ನಡುವಿನ ಬೂದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿಯೇ ಇಟಲಿಯ ಜೂಲಿಯೊ ಕಂಪನ್ಯೋಲಾ ತಾಮ್ರದ ಹಾಳೆಯ ಮೇಲೆ ಇದನ್ನು ಮಾಡಿ ತೋರಿಸಿದ್ದ. ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 1979ರಿಂದ ವ್ಯಕ್ತಿಗಳ ಮುಖಚಿತ್ರಗಳನ್ನು ಚುಕ್ಕಿ ಮತ್ತು ಸಣ್ಣ ಗೆರೆಗಳಲ್ಲಿ ಬರೆಸುತ್ತ ಬಂದಿದೆ.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಅಡ್ಡಕ್ಕೆ ಕತ್ತರಿಸಿದ ಅಡಿಕೆ ಹೋಳು. ಅದರ ಬಿಳಿ ತಿರುಳಿನೊಳಗೆ ಅಂಚಿನಿಂದ ನಡುವಿಗೆ ನುಗ್ಗುವ ಕಂದು ಎಳೆಗಳಿರುತ್ತವೆ. ಎಳೆಯ ಬುಡದಲ್ಲಿ ಗಾಢವಾಗಿರುವ ಕಂದು ತುದಿಯಲ್ಲಿ ಇದ್ದೂ ಇಲ್ಲದಂತೆ ಕರಗಿಹೋಗುತ್ತದೆ. ಆ ಕರಗುವಿಕೆಯನ್ನು ಚುಕ್ಕಿಯಲ್ಲಿ ಹಿಡಿಯಬಲ್ಲ ಪೆನ್ನು ಯಾವುದು ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಅಂಗೈಯಗಲದ ಚಿತ್ರ, ಒಂದೇ ಬಗೆಯ ಕಾಗದ, ಒಂದೇ ಟೇಬಲ್ ದೀಪ.

ಮೊದಲು ಫೈನ್‌ಲೈನರ್. ಕೊಳ್ಳುವವರು ಅದರ ಮೇಲಿನ ಅಂಕಿಯನ್ನು ಮಿಲಿಮೀಟರ್ ಎಂದು ಭಾವಿಸಬಾರದು. ಪಿಗ್ಮಾ ಮೈಕ್ರಾನ್ ಎಂಬ ಫೈನ್‌ಲೈನರ್‌ನಲ್ಲಿ 01 ಎಂದರೆ 0.25 ಮಿ.ಮೀ., 005 ಎಂದರೆ 0.20 ಮಿ.ಮೀ. ನಾನು ಕೊಂಡದ್ದು ಬೇರೊಂದು ಕಂಪನಿಯದು, ಅದರ ಹೆಸರು ಇಲ್ಲಿ ಅಗತ್ಯವಿಲ್ಲ. ಮೊದಲ ಎರಡು ಸಂಜೆ ಯಾವ ತಕರಾರೂ ಇರಲಿಲ್ಲ. ಮುಚ್ಚಳ ತೆಗೆದರೆ ಕೆಲಸ ಶುರು, ಹಾಕಿದರೆ ಮುಗಿಯಿತು. ಇಪ್ಪತ್ತು ವರ್ಷಗಳ ಮೇಲೆ ಕೈಗೆ ಆ ಲಯ ಮರಳಿತು: ಟಕ್ ಟಕ್ ಟಕ್ ಎಂದು ನಿಮಿಷಕ್ಕೆ ಸುಮಾರು ನೂರು ಚುಕ್ಕಿ, ತಲೆಯಲ್ಲಿ ಬೇರೇನೂ ಇಲ್ಲ.

ನಾಲ್ಕನೆಯ ಸಂಜೆ ಚಿತ್ರವನ್ನು ಗೋಡೆಗೆ ಒರಗಿಸಿ ದೂರದಿಂದ ನೋಡಿದಾಗ ಅಡಿಕೆಯ ಬಲಭಾಗ ಎಡಕ್ಕಿಂತ ಕಪ್ಪಾಗಿ, ಬೆಳಕು ತಪ್ಪು ದಿಕ್ಕಿನಿಂದ ಬಿದ್ದಂತೆ ಕಾಣಿಸಿತು. ಎರಡೂ ಕಡೆ ಚುಕ್ಕಿಗಳ ನಡುವಿನ ಅಂತರವನ್ನು ನಾನು ಒಂದೇ ರೀತಿ ಕಾಯ್ದುಕೊಂಡಿದ್ದೆ. ಭೂತಗನ್ನಡಿ ಹಿಡಿದು ನೋಡಿದರೆ ಎಡಗಡೆಯವು ಗಸಗಸೆ, ಬಲಗಡೆಯವು ರಾಗಿ. ಲೋಹದ ತೋಳಿನಿಂದ ತುಸುವೇ ಹೊರಚಾಚಿರುವ ಆ ಮೆತ್ತನೆಯ ತುದಿ ಗೆರೆ ಎಳೆಯಲೆಂದು ಮಾಡಿದ್ದು. ಅದನ್ನು ನೆಟ್ಟಗೆ ಹಿಡಿದು ಸಾವಿರಾರು ಸಲ ಕುಟ್ಟಿದರೆ ಗೂಟದ ತಲೆಯಂತೆ ಅಗಲವಾಗದೆ ಇನ್ನೇನಾದೀತು?

ಮಾಡಿದ ಉಪಾಯಗಳು ಒಂದೆರಡಲ್ಲ. ಬಲಗಡೆ ಚುಕ್ಕಿಗಳನ್ನು ವಿರಳಗೊಳಿಸಿದೆ. ಛಾಯೆ ಸರಿಹೋಯಿತಾದರೂ ನುಣುಪು ಹೋಗಿ ಆ ಭಾಗ ರವೆ ಚೆಲ್ಲಿದಂತಾಯಿತು. ಕೈ ಹಗುರ ಮಾಡಿದೆ. ಮೂರರಲ್ಲೊಂದು ಚುಕ್ಕಿ ಮೂಡಲೇ ಇಲ್ಲ. ಕೊನೆಗೆ ಹೊಸ ಪೆನ್ನನ್ನು ತಿಳಿ ಛಾಯೆಗೂ ಸವೆದದ್ದನ್ನು ಗಾಢ ಕಪ್ಪಿಗೂ ಇಟ್ಟುಕೊಂಡೆ. ಇದು ತಕ್ಕಮಟ್ಟಿಗೆ ಫಲಿಸಿತು, ಆದರೆ ಒಂದು ಅಡಿಕೆ ಹೋಳಿಗೆ ಮೂರು ಪೆನ್ನು ಮುಗಿದವು. ಮುಗಿದವು ಎನ್ನುವುದೂ ತಪ್ಪು. ಹೊಟ್ಟೆ ತುಂಬ ಶಾಯಿ ಇಟ್ಟುಕೊಂಡೇ ಅವು ಕಸದ ಬುಟ್ಟಿಗೆ ಹೋದವು, ನನ್ನ ಸಿಟ್ಟಿಗೆ ನಿಜವಾದ ಕಾರಣ ಅದೇ.

ಎರಡನೆಯದು ಶಾಯಿಯಲ್ಲಿ ಅದ್ದಿ ಬರೆಯುವ, ಕ್ರೋಕ್ವಿಲ್ ಎಂಬ ಸೂಕ್ಷ್ಮ ಉಕ್ಕಿನ ನಿಬ್ಬು. ಇದರ ಚುಕ್ಕಿಗಳು ಮೂರರಲ್ಲೂ ಅತ್ಯಂತ ಸುಂದರ, ಒತ್ತಡ ಬದಲಾದಂತೆ ಹಿರಿದು ಕಿರಿದಾಗುತ್ತವೆ. ಆದರೆ ಅದ್ದಿದ ಮೇಲಿನ ಮೊದಲ ಚುಕ್ಕಿ ಯಾವಾಗಲೂ ದಪ್ಪ. ಅದನ್ನು ಬೇರೆ ಕಾಗದದ ಮೇಲೆ ಇಳಿಸಿ ಬರಬೇಕು. ಅಷ್ಟರಲ್ಲಿ ಲಯ ಮುರಿದಿರುತ್ತದೆ.

ಜೆಲ್ ಪೆನ್ನನ್ನು ಪರೀಕ್ಷಿಸಿದ್ದು ಹತ್ತೇ ನಿಮಿಷ, ಅಂಗೈಗೆ ಮೆತ್ತಿಕೊಂಡಿತು.

ಟೆಕ್ನಿಕಲ್ ಪೆನ್ನಿನ ಕೊಳವೆಯೊಳಗೆ ಕೂದಲಿನಂಥ ತಂತಿಯೊಂದಿದ್ದು, ಅದರ ಹಿಂತುದಿಗೆ ಪುಟ್ಟ ತೂಕವಿರುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಟಿಕ್ ಟಿಕ್ ಎನ್ನುತ್ತದೆ. ಕಾಗದಕ್ಕೆ ತಾಗಿದಾಗ ತಂತಿ ತುಸು ಹಿಂದೆ ಸರಿದು ಶಾಯಿ ಇಳಿಯುತ್ತದೆ. ಇದನ್ನು ನೆಟ್ಟಗೆ ಹಿಡಿಯಲೇಬೇಕೆಂಬ ನಿಯಮ ಗೆರೆ ಎಳೆಯುವವರಿಗೆ ಕಿರಿಕಿರಿಯಾಗಬಹುದು, ಚುಕ್ಕಿ ಇಡುವವರಿಗೆ ಅದೇ ಸಹಜ ಭಂಗಿ. 0.25ರ ಮೂತಿಯಿಂದ ಅಡಿಕೆಯ ಮೊದಲ ಚುಕ್ಕಿ ಹೇಗಿತ್ತೋ ಹದಿನೈದು ದಿನಗಳ ಮೇಲಿನ ಕೊನೆಯ ಚುಕ್ಕಿಯೂ ಹಾಗೆಯೇ ಇತ್ತು. ಗಾತ್ರದ ಚಿಂತೆ ತಪ್ಪಿದ್ದರಿಂದ ಅಂತರವೊಂದನ್ನೇ ನೋಡಿಕೊಂಡೆ, ಕಂದು ಎಳೆಗಳ ತುದಿ ಬಿಳಿಯಲ್ಲಿ ಕರಗಿತು.

ಇದು ಕಟ್ಟಿಕೊಳ್ಳುವುದೂ ನಿಜ. ಒಮ್ಮೆ ಊರಿಗೆ ಹೋಗಿ ಹನ್ನೆರಡು ದಿನ ಬಿಟ್ಟು ಬಂದಾಗ ಒಂದು ಹನಿಯೂ ಇಳಿಯಲಿಲ್ಲ. ಮೂತಿಯ ಭಾಗವನ್ನು ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟ ಮೇಲೆ ಬಿಟ್ಟುಕೊಂಡಿತು. ತಂತಿಯನ್ನು ಮಾತ್ರ ಹೊರಗೆಳೆಯಬಾರದು, ಬಾಗಿದರೆ ಪೆನ್ನಿನ ಕಥೆ ಮುಗಿದಂತೆ. ಅರಗು ಬೆರೆತ ಇಂಡಿಯನ್ ಇಂಕನ್ನು ಇದಕ್ಕೆ ತುಂಬಿಸಲೂ ಬಾರದು, ಅದು ನಿಬ್ಬಿಗೆ ಸರಿ.

ನಾನು ರಾತ್ರಿ ಊಟವಾದ ಮೇಲೆ ದಿನವೂ ಒಂದು ಗಂಟೆ ಕೂರುವವನಾದ್ದರಿಂದ ನನ್ನ ಪೆನ್ನಿಗೆ ಒಣಗಲು ಪುರುಸೊತ್ತಿಲ್ಲ. ಬೆಲೆಯೇನೋ ಫೈನ್‌ಲೈನರಿನ ಹತ್ತರಷ್ಟಾಯಿತು, ಆದರೆ ನಾನು ಸವೆಸುವ ವೇಗದಲ್ಲಿ ನಾಲ್ಕು ಚಿತ್ರ ಮುಗಿಯುವಷ್ಟರಲ್ಲಿ ಅದು ಹುಟ್ಟಿಬಂತು. ತಿಂಗಳಿಗೊಂದು ಭಾನುವಾರ ಬರೆಯುವವರು ಇದರ ತಂಟೆಗೆ ಹೋಗದೆ ಎರಡು ಫೈನ್‌ಲೈನರ್ ಇಟ್ಟುಕೊಳ್ಳುವುದು ಲೇಸು. ಕೊಳ್ಳುವುದೇ ಆದರೆ 0.13ರ ಆಸೆಗೆ ಬೀಳದೆ 0.35ರಿಂದ ಆರಂಭಿಸಬಹುದು, ಮೂತಿ ಸಣ್ಣದಾದಷ್ಟೂ ತಂತಿ ನಾಜೂಕು. ಚುಕ್ಕಿ ದಪ್ಪವಾಯಿತೆನಿಸಿದರೆ ಎ3 ಹಾಳೆಯಲ್ಲಿ ಬರೆದು ಜೆರಾಕ್ಸ್ ಅಂಗಡಿಯಲ್ಲಿ ಎ4ಗೆ ಇಳಿಸಿದರಾಯಿತು, 0.35ರ ಚುಕ್ಕಿ 0.25 ಆಗಿರುತ್ತದೆ.